ಹಳೆಯ ಹಿಂದಿ ಸಿನಿಮಾ ಮನೆಯಲ್ಲಿ ಸರಿಯಾಗಿ ಕಾಣುತ್ತಿಲ್ಲವೇ? ದೋಷ ಹುಟ್ಟಿದ ಜಾಗ ಹಿಡಿಯುವ ಬಗೆ

ನಾಯಕಿ ತಲೆ ತಿರುಗಿಸಿದರೆ ಮುಖದ ಅಂಚಿನಲ್ಲಿ ಅಡ್ಡ ಗೆರೆಗಳು ಏಳುತ್ತವೆ. ಹಾಡಿನ ಶ್ರುತಿ ಸ್ವಲ್ಪ ಮೇಲಿದೆ. ದುಂಡಗಿರಬೇಕಾದ ಗೋಡೆ ಗಡಿಯಾರ ಅಡ್ಡಕ್ಕೆ ಎಳೆದಂತಿದೆ. ಇಂಥದ್ದು ಕಂಡ ಕೂಡಲೇ ಎಷ್ಟೋ ಜನ ಯಾವುದಾದರೂ ಸಾಫ್ಟ್‌ವೇರ್ ಇಳಿಸಿಕೊಂಡು ಶಾರ್ಪ್ ಮಾಡಿ, ಗ್ರೇನ್ (ಫಿಲ್ಮಿನ ಸಣ್ಣ ಕಣಗಳು) ಅಳಿಸಿ, ಬಣ್ಣ ಏರಿಸಲು ಕೂರುತ್ತಾರೆ. ದಯವಿಟ್ಟು ಹಾಗೆ ಮಾಡಬೇಡಿ. ಈ ದೋಷ ಯಾವ ಹಂತದಲ್ಲಿ ಸೇರಿಕೊಂಡಿತು ಅನ್ನುವುದು ಮೊದಲು ಗೊತ್ತಾಗಬೇಕು.

ಒಂದು ಹಳೆಯ ಸಿನಿಮಾ ನಿಮ್ಮ ಟಿವಿಗೆ ಬರುವ ಮೊದಲು ಎಷ್ಟೋ ಕೈ ದಾಟಿರುತ್ತದೆ. ನೆಗೆಟಿವ್‌ನಿಂದ ಪ್ರಿಂಟ್, ಪ್ರಿಂಟ್‌ನಿಂದ ಟೆಲಿಸಿನಿ ಯಂತ್ರದ ಮೂಲಕ ವಿಡಿಯೋ ಟೇಪ್, ಅಲ್ಲಿಂದ ಕ್ಯಾಸೆಟ್ಟೋ ವಿಸಿಡಿಯೋ ಡಿವಿಡಿಯೋ, ಕೊನೆಗೆ ನಿಮ್ಮ ಪ್ಲೇಯರ್ ಮತ್ತು ಟಿವಿ. ಪ್ರತಿ ಹಂತವೂ ತನ್ನದೇ ಗುರುತು ಬಿಡುತ್ತದೆ. ಟಿವಿಯ ದೋಷವನ್ನು ಫೈಲಿನಲ್ಲಿ ತಿದ್ದಿದರೆ ಫೈಲ್ ಕೆಡುತ್ತದೆ. ಪ್ರಿಂಟಿನ ಗೀರನ್ನು ಡಿಸ್ಕಿನ ಗೀರು ಅಂದುಕೊಂಡರೆ ಡಿಸ್ಕ್ ಉಜ್ಜಿ ಉಜ್ಜಿ ಹಾಳಾಗುತ್ತದೆ. ಅದಕ್ಕೇ ಹುಡುಕಾಟವನ್ನು ತುದಿಯಿಂದ ಹಿಂದಕ್ಕೆ ಮಾಡಬೇಕು: ಮೊದಲು ಟಿವಿ, ಆಮೇಲೆ ಪ್ಲೇಯರ್, ಡಿಸ್ಕ್, ವಿಡಿಯೋ ವರ್ಗಾವಣೆ, ಎಲ್ಲಕ್ಕಿಂತ ಕೊನೆಗೆ ಫಿಲ್ಮ್.

ಎರಡು ಸಿದ್ಧತೆ ಸಾಕು. ನಿಮ್ಮಲ್ಲಿರುವ ಫೈಲಿನ ಒಂದು ಪ್ರತಿ ಬೇರೆ ಡ್ರೈವಿನಲ್ಲಿ ಇಟ್ಟುಬಿಡಿ, ಅದನ್ನು ಮುಟ್ಟಬೇಡಿ. ಆಮೇಲೆ ಕಂಪ್ಯೂಟರಿನಲ್ಲಿ ವಿಎಲ್‌ಸಿ ಪ್ಲೇಯರ್ ಹಾಕಿಕೊಳ್ಳಿ. ಅದರಲ್ಲಿ ಕೀಬೋರ್ಡಿನ 'ಇ' ಒತ್ತಿದರೆ ಚಿತ್ರ ಒಂದೊಂದೇ ಫ್ರೇಮ್ ಮುಂದಕ್ಕೆ ಹೋಗುತ್ತದೆ. ಈ ಕೈಪಿಡಿಯ ಅರ್ಧ ಕೆಲಸ ಆ ಒಂದು ಕೀಲಿಯಿಂದಲೇ ಆಗುತ್ತದೆ.

ಮೊದಲ ಅನುಮಾನ ಟಿವಿಯ ಮೇಲೆ

ಅದೇ ದೃಶ್ಯವನ್ನು ಲ್ಯಾಪ್‌ಟಾಪಿನಲ್ಲಿ ನೋಡಿ. ಅಲ್ಲಿ ಸರಿಯಿದ್ದರೆ ಫೈಲಿನ ತಪ್ಪಿಲ್ಲ. ಪಾತ್ರಗಳು ಎಣ್ಣೆಯ ಮೇಲೆ ಜಾರಿದಂತೆ, ಧಾರಾವಾಹಿಯ ಹಾಗೆ ವಿಪರೀತ ನಯವಾಗಿ ಓಡಾಡುತ್ತಿದ್ದರೆ ಟಿವಿಯ ಮೋಷನ್ ಸ್ಮೂದಿಂಗ್ ಆನ್ ಆಗಿದೆ ಎಂದರ್ಥ. ಸೆಕೆಂಡಿಗೆ 24 ಫ್ರೇಮ್‌ನಲ್ಲಿ ತೆಗೆದ ಚಿತ್ರದ ನಡುವೆ ಟಿವಿ ತಾನೇ ಫ್ರೇಮ್ ಸೃಷ್ಟಿಸಿ ತುರುಕುತ್ತದೆ. ಅದನ್ನು ಆಫ್ ಮಾಡಿ. ನಾಯ್ಸ್ ರಿಡಕ್ಷನ್ ಆಫ್ ಮಾಡಿ. ಶಾರ್ಪ್‌ನೆಸ್ ಪೂರ್ತಿ ಕೆಳಗಿಳಿಸಿ. ಮುಖದ ಸುತ್ತ ಬಿಳಿ ಅಂಚು ಕಾಣುತ್ತಿದ್ದುದು ಎಷ್ಟೋ ಸಲ ಅಲ್ಲಿಗೇ ಮಾಯವಾಗುತ್ತದೆ.

ಇನ್ನೊಂದು, ಕಪ್ಪಿನ ಮಟ್ಟ. ವಿಡಿಯೋದಲ್ಲಿ ಕಪ್ಪು 16ರಿಂದ ಶುರುವಾಗಿ ಬಿಳಿ 235ಕ್ಕೆ ನಿಲ್ಲುತ್ತದೆ. ಕಂಪ್ಯೂಟರ್ 0ಯಿಂದ 255ರವರೆಗೆ ಲೆಕ್ಕ ಹಾಕುತ್ತದೆ. ಪ್ಲೇಯರ್ ಒಂದು ಲೆಕ್ಕದಲ್ಲಿ ಕಳಿಸಿ ಟಿವಿ ಇನ್ನೊಂದು ಲೆಕ್ಕದಲ್ಲಿ ಓದಿದರೆ ಚಿತ್ರ ಬೂದಿ ಬಳಿದಂತೆ ಆಗುತ್ತದೆ, ಇಲ್ಲವೇ ನಾಯಕಿಯ ಕೂದಲು ಹಿಂದಿನ ಕತ್ತಲಲ್ಲಿ ಕರಗಿಹೋಗುತ್ತದೆ. ಎಲ್ಲ ಸಿನಿಮಾಗಳೂ ಹೀಗೇ ಕಂಡರೆ ಎಚ್‌ಡಿಎಂಐನ ಆರ್‌ಜಿಬಿ ರೇಂಜ್ ಸೆಟ್ಟಿಂಗ್ ಬದಲಿಸಿ ನೋಡಿ. ಇದೊಂದೇ ಸಿನಿಮಾ ಹೀಗಿದ್ದರೆ ಮಾತ್ರ ಡಿಸ್ಕಿನತ್ತ ಹೋಗಿ. ಕಪ್ಪು ಬಿಳುಪು ಚಿತ್ರಗಳಿಗೆ ಇದಕ್ಕಿಂತ ದೊಡ್ಡ ಪರೀಕ್ಷೆ ಇಲ್ಲ, ಏಕೆಂದರೆ ಅಲ್ಲಿ ಇರುವುದೆಲ್ಲ ಬೆಳಕು ಮತ್ತು ನೆರಳೇ.

ಅಡ್ಡ ಗೆರೆ ಮತ್ತು ಜೋಡಿ ನೆರಳು

ಹಳೆಯ ಹಿಂದಿ ಡಿವಿಡಿಗಳಲ್ಲಿ ಅತಿ ಹೆಚ್ಚು ಕಾಣುವ ತೊಂದರೆ ಇದು. ಕಾರಣ ತಿಳಿಯದೆ ಮದ್ದು ಕೊಟ್ಟು ಕೆಡಿಸುವುದೂ ಇದನ್ನೇ ಜಾಸ್ತಿ.

ಭಾರತದ ಹಳೆಯ ಟಿವಿ ಪದ್ಧತಿ ಪಾಲ್: ಸೆಕೆಂಡಿಗೆ 25 ಫ್ರೇಮ್. ಅಮೆರಿಕದ್ದು ಎನ್‌ಟಿಎಸ್‌ಸಿ: ಸುಮಾರು 30. ಎರಡರಲ್ಲೂ ಒಂದು ಫ್ರೇಮ್ ಎರಡು ಫೀಲ್ಡ್‌ಗಳಾಗಿ ಒಡೆದಿರುತ್ತದೆ. ಬೆಸ ಸಾಲುಗಳು ಒಂದರಲ್ಲಿ, ಸಮ ಸಾಲುಗಳು ಇನ್ನೊಂದರಲ್ಲಿ. ಡಿವಿಡಿಯ ಅಳತೆ 720×576 ಇದ್ದರೆ ಪಾಲ್, 720×480 ಇದ್ದರೆ ಎನ್‌ಟಿಎಸ್‌ಸಿ. ಹೊರದೇಶಗಳಲ್ಲೂ ಮಾರಬೇಕಿದ್ದ ಕಾರಣ ಎಷ್ಟೋ ಹಿಂದಿ ಡಿವಿಡಿಗಳು ಎನ್‌ಟಿಎಸ್‌ಸಿಯಲ್ಲೇ ಬಂದವು. ಆದರೆ ಅವುಗಳ ಹಿಂದಿದ್ದ ಟೇಪ್ ಹಲವು ಸಲ ಪಾಲ್. ತೊಡಕು ಹುಟ್ಟುವುದು ಇಲ್ಲೇ.

ಯಾರಾದರೂ ಓಡುವ, ಇಲ್ಲವೇ ಕ್ಯಾಮೆರಾ ಪಕ್ಕಕ್ಕೆ ತಿರುಗುವ ದೃಶ್ಯ ಹುಡುಕಿ. ವಿಎಲ್‌ಸಿಯ ಡಿಇಂಟರ್ಲೇಸ್ (ಫೀಲ್ಡ್‌ಗಳ ಗೆರೆ ಅಳಿಸುವ ಸೌಲಭ್ಯ) ಆಫ್ ಮಾಡಿ ಹತ್ತು ಫ್ರೇಮ್ ಒಂದೊಂದಾಗಿ ದಾಟಿ. ಐದರಲ್ಲಿ ಮೂರು ಫ್ರೇಮ್ ಶುಭ್ರ, ಎರಡರಲ್ಲಿ ಹಲ್ಲು ಹಲ್ಲಾದ ಗೆರೆ, ಮತ್ತೆ ಮೂರು ಶುಭ್ರ. ಹೀಗಿದ್ದರೆ ಖುಷಿಪಡಿ. ಇದು ಸರಿಯಾದ ಟೆಲಿಸಿನಿ. 24 ಫ್ರೇಮನ್ನು 30ಕ್ಕೆ ಹಂಚಲು ಫೀಲ್ಡ್‌ಗಳನ್ನು ಲೆಕ್ಕಾಚಾರದಿಂದ ಮರುಬಳಸಿದ್ದಾರೆ ಅಷ್ಟೆ. ಇದನ್ನು ಡಿಇಂಟರ್ಲೇಸ್ ಮಾಡಬೇಡಿ. ವಿಡಿಯೋ ಪರಿವರ್ತಿಸುವ ಸಾಫ್ಟ್‌ವೇರ್‌ಗಳಾದ ಹ್ಯಾಂಡ್‌ಬ್ರೇಕ್‌ನಲ್ಲಿ ಡಿಟೆಲಿಸಿನ್, ಎಫ್‌ಎಫ್‌ಎಂಪೆಗ್‌ನಲ್ಲಿ ಫೀಲ್ಡ್‌ಮ್ಯಾಚ್ (ಸರಿಯಾದ ಫೀಲ್ಡ್‌ಗಳನ್ನು ಜೋಡಿಸುವುದು) ಮತ್ತು ಅದರ ಬೆನ್ನಿಗೆ ಡೆಸಿಮೇಟ್ (ಮರುಕಳಿಸಿದ ಫ್ರೇಮ್ ತೆಗೆಯುವುದು) ಬಳಸಿದರೆ ಸಿನಿಮಾದ ಮೂಲ ಫ್ರೇಮ್‌ಗಳು ಹಾಗೇ ವಾಪಸ್ ಬರುತ್ತವೆ. ಏನೂ ಕಳೆದುಹೋಗಿರುವುದಿಲ್ಲ.

ಪಾಲ್ ಡಿಸ್ಕಿನಲ್ಲಿ ಚಲನೆ ಇರುವ ಪ್ರತಿ ಫ್ರೇಮಿನಲ್ಲೂ ಗೆರೆ ಕಂಡರೆ, ಒಂದು ಫ್ರೇಮಿನ ಮೊದಲ ಫೀಲ್ಡ್ ಪಕ್ಕದ ಫ್ರೇಮಿನ ಎರಡನೇ ಫೀಲ್ಡ್ ಜೊತೆ ಜೋಡಿಯಾಗಿದೆ. ಜೋಡಿ ತಪ್ಪಿದೆ, ಮಾಹಿತಿ ಕಳೆದಿಲ್ಲ. ಫೀಲ್ಡ್‌ಮ್ಯಾಚ್ ಒಂದೇ ಸಾಕು, ಡೆಸಿಮೇಟ್ ಬೇಡ. ಇಲ್ಲಿ ಸುಮ್ನೆ ಡಿಇಂಟರ್ಲೇಸ್ ಮಾಡಿದರೆ ಅರ್ಧದಷ್ಟು ಸಾಲುಗಳನ್ನು ಎಸೆದು ಊಹೆಯಿಂದ ತುಂಬಿಸಿದಂತೆ ಆಗುತ್ತದೆ. ಸೀರೆಯ ಕಸೂತಿ, ಜಾಲಂಧ್ರ, ಟೈಟಲ್ ಅಕ್ಷರ ಎಲ್ಲವೂ ಮಂಕಾಗುತ್ತವೆ.

ಮೂರನೆಯದು ಬೇಸರದ್ದು. ಗೆರೆಯ ಬದಲು ಒಂದರ ಮೇಲೊಂದು ಎರಡು ಚಿತ್ರ ಮಸುಕಾಗಿ ಕಾಣುತ್ತವೆ. ಓಡುವವನಿಗೆ ನಾಲ್ಕು ಕಾಲು. ಇದು ಪಾಲ್ ಟೇಪನ್ನು ಅಗ್ಗದ ಯಂತ್ರದಲ್ಲಿ ಎನ್‌ಟಿಎಸ್‌ಸಿಗೆ ತಿರುಗಿಸಿದ ಗುರುತು. ಫೀಲ್ಡ್‌ಗಳನ್ನು ಹಂಚುವ ಬದಲು ಬೆರೆಸಿಬಿಟ್ಟಿದ್ದಾರೆ. ವಿಡಿಯೋ ತಿದ್ದುವ ಸಾಫ್ಟ್‌ವೇರ್ ಎವಿಸಿಂತ್‌ನಲ್ಲಿರುವ ಎಸ್‌ರಿಸ್ಟೋರ್ ಎಂಬ ಫಿಲ್ಟರ್ ಬೆರಕೆಯಾಗದ ಫೀಲ್ಡ್‌ಗಳನ್ನು ಆರಿಸಿ ಸ್ವಲ್ಪ ಮಟ್ಟಿಗೆ ಬಿಡಿಸಬಲ್ಲದು. ಆದರೆ ನನ್ನ ಸಲಹೆ ಬೇರೆ: ಅದೇ ಸಿನಿಮಾದ ಇನ್ನೊಂದು ಬಿಡುಗಡೆ ಹುಡುಕಿ. ಹಳೆಯ ಪಾಲ್ ಡಿಸ್ಕ್ ಬಣ್ಣದಲ್ಲಿ ಕೊಂಚ ಡಲ್ ಆಗಿದ್ದರೂ ಇದಕ್ಕಿಂತ ಎಷ್ಟೋ ಮೇಲು.

ಚೌಕಟ್ಟು ತಪ್ಪಿದ್ದರೆ

ದೃಶ್ಯದಲ್ಲಿ ದುಂಡಗಿನ ವಸ್ತು ಹುಡುಕಿ: ಗಡಿಯಾರ, ಗ್ರಾಮಫೋನ್ ತಟ್ಟೆ, ಎದುರಿನಿಂದ ಕಾಣುವ ತಬಲಾದ ಮುಖ. ಪರದೆಯ ಮೇಲೆ ಸ್ಕೇಲ್ ಇಟ್ಟು ಅಗಲ, ಎತ್ತರ ಅಳೆಯಿರಿ. ಎರಡೂ ಸಮವಿಲ್ಲದಿದ್ದರೆ ಚಿತ್ರವನ್ನು ಎಳೆದಿದ್ದಾರೆ. ಎಳೆದದ್ದು ಪ್ಲೇಯರ್ ಅಥವಾ ಟಿವಿ ಸೆಟ್ಟಿಂಗಿನಲ್ಲಿ ಸರಿಹೋಗುತ್ತದೆ. ಫೈಲಿನ ಅನುಪಾತದ ಗುರುತು ತಪ್ಪಿದ್ದರೆ ಅದೊಂದನ್ನೇ ತಿದ್ದಬಹುದು, ಇಡೀ ಚಿತ್ರವನ್ನು ಮತ್ತೆ ಎನ್‌ಕೋಡ್ ಮಾಡಬೇಕಿಲ್ಲ.

ವೃತ್ತ ಸರಿಯಾಗಿದ್ದೂ ತಲೆಗಳು ಕತ್ತರಿಸಿದ್ದರೆ ಅದು ಎಳೆದದ್ದಲ್ಲ, ಕತ್ತರಿಸಿದ್ದು. ಐವತ್ತರ ದಶಕದ ಹೆಚ್ಚಿನ ಹಿಂದಿ ಚಿತ್ರಗಳ ಚೌಕಟ್ಟು 1.37:1. ಅಂದರೆ ಹಳೆಯ ಟಿವಿಯ ಆಕಾರಕ್ಕೆ ಹತ್ತಿರ. ಇಂದಿನ ಅಗಲ ಟಿವಿ ತುಂಬಲಿ ಅಂತ ಮೇಲೆ ಕೆಳಗೆ ಕತ್ತರಿಸಿದರೆ ಚಿತ್ರದ ನಾಲ್ಕನೇ ಒಂದು ಪಾಲಿನಷ್ಟು ಹೋಗುತ್ತದೆ. ನರ್ತಕಿಯ ಪಾದವೇ ಕಾಣದ ಮುಜ್ರಾ ನೋಡಿ ಏನು ಸುಖ, ಅಲ್ವಾ? ಬದಿಯಲ್ಲಿ ಕಪ್ಪು ಪಟ್ಟಿ ಇದ್ದರೆ ಇರಲಿ, ಅದು ದೋಷವಲ್ಲ.

ಇದರ ಉಲ್ಟಾ ಕೇಸು ಸಿನಿಮಾಸ್ಕೋಪ್, ಅಂದರೆ ತುಂಬ ಅಗಲದ ಚೌಕಟ್ಟು. ಭಾರತದ ಮೊದಲ ಸಿನಿಮಾಸ್ಕೋಪ್ ಚಿತ್ರ 1959ರ ಕಾಗಜ್ ಕೆ ಫೂಲ್. ಅದರ ನಿರ್ದೇಶಕ ಗುರುದತ್ ಹುಟ್ಟಿದ್ದು ಬೆಂಗಳೂರಿನಲ್ಲಿ. ಛಾಯಾಗ್ರಾಹಕ ವಿ.ಕೆ. ಮೂರ್ತಿ ನಮ್ಮ ಮೈಸೂರಿನವರು, ದಾದಾಸಾಹೇಬ್ ಫಾಲ್ಕೆ ಪ್ರಶಸ್ತಿ ಪಡೆದವರು. ಖಾಲಿ ಸ್ಟುಡಿಯೋದೊಳಗೆ ಬೆಳಕಿನ ಕೋಲು ಬಿಟ್ಟು, ಇಬ್ಬರನ್ನು ದೂರ ದೂರ ನಿಲ್ಲಿಸಿ ಅವರು ಕಟ್ಟಿದ ಆ ಅಗಲದ ಚೌಕಟ್ಟನ್ನು ಹಳೆಯ ಟಿವಿಯ ಆಕಾರಕ್ಕೆ ಕತ್ತರಿಸಿದರೆ ನೂರಕ್ಕೆ ನಲವತ್ತು ಪಾಲಿಗಿಂತ ಜಾಸ್ತಿ ಹೋಗುತ್ತದೆ. ಉಳಿಯುವುದು ಒಬ್ಬರ ಮುಖ, ಇಲ್ಲವೇ ಇಬ್ಬರ ನಡುವಿನ ಗೋಡೆ. ಆ ದೂರವೇ ದೃಶ್ಯದ ಅರ್ಥವಾಗಿದ್ದಾಗ ಏನು ನಷ್ಟವಾಯಿತು ಅನ್ನುವುದನ್ನು ಬಿಡಿಸಿ ಹೇಳಬೇಕಿಲ್ಲ. ಕತ್ತರಿಸಿದ ಪ್ರತಿಗೆ ಯಾವ ಸಾಫ್ಟ್‌ವೇರಿನಲ್ಲೂ ಮದ್ದಿಲ್ಲ. ಗುರುತು ಸುಲಭ: ಟೈಟಲ್ ಬರುವಾಗ ಮೇಲೆ ಕೆಳಗೆ ಕಪ್ಪು ಪಟ್ಟಿ, ಟೈಟಲ್ ಮುಗಿದ ಕೂಡಲೇ ಪರದೆ ತುಂಬ ಚಿತ್ರ. ಇಂಥ ಪ್ರತಿಯನ್ನು ಸರಿಮಾಡಲು ಸಮಯ ಹಾಕಬೇಡಿ.

ಒಂದೇ ಚಿತ್ರಕ್ಕೆ ಎರಡು ಅನುಪಾತ ಸರಿಯಾಗಿರುವುದೂ ಉಂಟು. 1975ರ ಶೋಲೆಯನ್ನು 35 ಎಂಎಂನಲ್ಲಿ ತೆಗೆದು 70 ಎಂಎಂಗೆ ದೊಡ್ಡದು ಮಾಡಿದರು. ಹಾಗಾಗಿ ಎರಡು ಪ್ರತಿಗಳ ಚೌಕಟ್ಟು ಬೇರೆ ಕಂಡರೆ ಒಂದನ್ನು ತಪ್ಪು ಅಂತ ತೀರ್ಮಾನಿಸುವ ಮೊದಲು ದುಂಡಗಿನ ವಸ್ತು ಅಳೆದು ನೋಡಿ.

ಶ್ರುತಿ ಏರಿದೆಯೋ, ಸಿನಿಮಾ ಕತ್ತರಿಸಿದ್ದಾರೋ?

ಸೆಕೆಂಡಿಗೆ 24 ಫ್ರೇಮಿನ ಸಿನಿಮಾವನ್ನು ಪಾಲ್‌ಗೆ ತರುವ ಸುಲಭದ ದಾರಿ 25ರಲ್ಲಿ ಓಡಿಸಿಬಿಡುವುದು. ವೇಗ ಸುಮಾರು ಶೇ 4 ಏರುತ್ತದೆ. 150 ನಿಮಿಷದ ಚಿತ್ರ 144 ನಿಮಿಷಕ್ಕೆ ಮುಗಿಯುತ್ತದೆ. ಧ್ವನಿಯೂ ಮುಕ್ಕಾಲು ಸ್ವರಸ್ಥಾನಕ್ಕೆ ಸ್ವಲ್ಪ ಕಡಿಮೆ ಮೇಲೇರುತ್ತದೆ. ಲತಾ ಮಂಗೇಶ್ಕರ್ ಅವರ ದನಿ ಮೊದಲೇ ತೆಳು ತಾರಕದ್ದು, ಈ ಏರಿಕೆಯಲ್ಲಿ ಇನ್ನೂ ಚೂಪಾಗುತ್ತದೆ. ಮುಖೇಶ್ ದನಿಯ ಭಾರ ಇಳಿಯುತ್ತದೆ.

ಆದರೆ ಅವಧಿ ಕಡಿಮೆ ಇದೆ ಎಂದ ಮಾತ್ರಕ್ಕೆ ವೇಗದ ತಪ್ಪು ಎನ್ನಲಾಗದು. ಹಾಡು, ಹಾಸ್ಯ ಪ್ರಸಂಗ ಕಿತ್ತುಹಾಕಿದ ಡಿಸ್ಕ್‌ಗಳೂ ಬೇಕಾದಷ್ಟಿವೆ. ಬೇರೆ ಮಾಡುವುದು ಹೀಗೆ. ಸಿನಿಮಾದ ಶುರುವಿನಲ್ಲಿ ಸೆನ್ಸಾರ್ ಪ್ರಮಾಣಪತ್ರ ಉಳಿದಿದ್ದರೆ ಅಲ್ಲಿ ನಿಲ್ಲಿಸಿ. ಚಿತ್ರದ ಉದ್ದ ಅಡಿಯಲ್ಲೋ ಮೀಟರಿನಲ್ಲೋ ಬರೆದಿರುತ್ತದೆ, ಜೊತೆಗೆ ರೀಲುಗಳ ಸಂಖ್ಯೆ. 35 ಎಂಎಂ ಫಿಲ್ಮ್ ನಿಮಿಷಕ್ಕೆ 90 ಅಡಿ, ಅಂದರೆ ಸುಮಾರು 27.4 ಮೀಟರ್ ಓಡುತ್ತದೆ. 13,500 ಅಡಿ ಅಂತಿದ್ದರೆ 150 ನಿಮಿಷ. 4,000 ಮೀಟರ್ ಇದ್ದರೆ ಸುಮಾರು 146 ನಿಮಿಷ. ಇದು ನಿಮ್ಮ ಅಳತೆಗೋಲು. ಡಿಸ್ಕಿನ ಅವಧಿಯನ್ನು ಇದರಿಂದ ಭಾಗಿಸಿ. ಸರಿಯಾಗಿ 0.96 ಬಂದರೆ ಬರೀ ವೇಗ. ಅದಕ್ಕಿಂತ ಕಡಿಮೆ ಬಂದರೆ ಎಲ್ಲೋ ಕತ್ತರಿ ಬಿದ್ದಿದೆ.

ಪ್ರಮಾಣಪತ್ರ ಇಲ್ಲದಿದ್ದರೆ ಎರಡು ಬೇರೆ ಬಿಡುಗಡೆಗಳಲ್ಲಿ ಒಂದೇ ಹಾಡಿನ ಮೊದಲ ಶಾಟ್‌ನಿಂದ ಕೊನೆಯ ಶಾಟ್‌ವರೆಗೆ ಅಳೆಯಿರಿ. ಒಂದರಲ್ಲಿ 240 ಸೆಕೆಂಡ್, ಇನ್ನೊಂದರಲ್ಲಿ 230 ಬಂದರೆ ವೇಗ ಬೇರೆ. ಎರಡರಲ್ಲೂ ಹಾಡು ಅಷ್ಟೇ ಇದ್ದು ಒಟ್ಟು ಅವಧಿ ಮಾತ್ರ ಕಡಿಮೆಯಿದ್ದರೆ ದೃಶ್ಯ ಹೋಗಿದೆ. ಗ್ರಾಮಫೋನ್ ರೆಕಾರ್ಡಿನ ಹಾಡನ್ನು ಅಳತೆಗೆ ಇಟ್ಟುಕೊಳ್ಳಬೇಡಿ. ಸಿನಿಮಾದ ಹಾಡಿಗೂ ರೆಕಾರ್ಡಿನ ಹಾಡಿಗೂ ಉದ್ದ, ಶ್ರುತಿ ಎರಡೂ ಬೇರೆ ಇರುವುದು ಆ ಕಾಲಕ್ಕೆ ಮಾಮೂಲು.

ವೇಗದ ತಪ್ಪೇ ಎಂದು ಖಾತ್ರಿಯಾದರೆ ಚಿತ್ರವನ್ನು 24 ಫ್ರೇಮಿಗೆ ಇಳಿಸಿ, 48,000 ಹರ್ಟ್ಸ್ ಧ್ವನಿಯನ್ನು 46,080ರ ದರದಲ್ಲಿ ಓದಿಸಿ ಮತ್ತೆ 48,000ಕ್ಕೆ ತನ್ನಿ. ಉದ್ದ, ಶ್ರುತಿ ಎರಡೂ ಒಟ್ಟಿಗೆ ಕೆಳಗಿಳಿಯುತ್ತವೆ. ಆದರೆ ಕೆಲವರು ವರ್ಗಾವಣೆಯಲ್ಲೇ ಶ್ರುತಿ ಸರಿಮಾಡಿ ವೇಗ ಮಾತ್ರ ಏರಿಸಿರುತ್ತಾರೆ. ಅಂಥ ಪ್ರತಿಗೆ ಹೀಗೆ ಮಾಡಿದರೆ ಹಾಡು ಸುಸ್ತಾಗಿ ಕೇಳಿಸುತ್ತದೆ. ಮಾಡುವ ಮೊದಲು ಹಾರ್ಮೋನಿಯಂ ಅಥವಾ ಟ್ಯೂನರ್ ಆ್ಯಪ್ ಇಟ್ಟುಕೊಂಡು ಎರಡು ಬಿಡುಗಡೆಗಳ ಶ್ರುತಿ ಹೋಲಿಸಿ.

ಸದ್ದಿನಲ್ಲಿ ಗುಂಯ್, ಕರಕರ

ಮೊದಲು ಗುಂಯ್ ಅನ್ನುವ ಹಮ್. ವಿಸಿಆರ್‌ನಲ್ಲಿ ಕ್ಯಾಸೆಟ್ ತೆಗೆದುಬಿಡಿ. ಆಗಲೂ ಗುಂಯ್ ಇದ್ದರೆ ತಪ್ಪು ನಿಮ್ಮ ವೈರಿಂಗಿನದು, ಎಲ್ಲ ಉಪಕರಣಗಳನ್ನೂ ಒಂದೇ ಪ್ಲಗ್ ಬೋರ್ಡಿಗೆ ಹಾಕಿ ನೋಡಿ. ಕ್ಯಾಸೆಟ್ ಹಾಕಿದಾಗ ಮಾತ್ರ ಬಂದರೆ ಅದು ದಾಖಲಾಗಿರುವ ಸದ್ದು. ಇಲ್ಲೊಂದು ಚೆಂದದ ಸುಳಿವಿದೆ. ನಮ್ಮ ಕರೆಂಟ್ 50 ಹರ್ಟ್ಸ್. ಆಡಾಸಿಟಿ ಎಂಬ ಧ್ವನಿ ಸಾಫ್ಟ್‌ವೇರಿನ ಸ್ಪೆಕ್ಟ್ರಮ್ಮಿನಲ್ಲಿ (ಯಾವ ಕಂಪನಾಂಕದ ಸದ್ದು ಎಷ್ಟಿದೆ ಎಂದು ತೋರಿಸುವ ನಕ್ಷೆ) ಹಮ್ 50ರ ಬದಲು 52ರ ಹತ್ತಿರ ನಿಂತಿದ್ದರೆ, ಅದು ಮೂಲ ಧ್ವನಿಮುದ್ರಣದಲ್ಲೇ ಇದ್ದು ಆಮೇಲೆ 25 ಫ್ರೇಮಿಗೆ ವೇಗ ಏರಿಸಿದ್ದಾರೆ ಎಂದು ತಿಳಿಯಬಹುದು. ಹಿಂದಿನ ಪರೀಕ್ಷೆಗೆ ಇದು ಸಾಕ್ಷಿಯಾಗುತ್ತದೆ.

ಆ ಕಾಲದ ಪ್ರಿಂಟಿನಲ್ಲಿ ಧ್ವನಿ ಇರುವುದು ಫಿಲ್ಮಿನ ಅಂಚಿನ ಆಪ್ಟಿಕಲ್ ಪಟ್ಟಿಯಲ್ಲಿ. ಅದರ ಮೇಲೆ ಧೂಳು, ಗೀರು ಬಿದ್ದರೆ ಕರಕರ. ಇಂಥ ಸದ್ದು ಅಳಿಸುವ ಡಿ-ಕ್ಲಿಕ್ ಹಗುರವಾಗಿ ಬಳಸಬಹುದು. ನಾಯ್ಸ್ ರಿಡಕ್ಷನ್ ಮಾತ್ರ ಅಳೆದು ಹಾಕಿ. ಪರೀಕ್ಷೆ ಏನೆಂದರೆ ಸ, ಶ ಅಕ್ಷರಗಳು ಸ್ಪಷ್ಟವಾಗಿರಬೇಕು, ತಬಲಾದ ಪೆಟ್ಟು ಪೆಟ್ಟಾಗಿಯೇ ಕೇಳಬೇಕು. ನೀರೊಳಗಿಂದ ಮಾತಾಡಿದಂತೆ ಆಗಿದ್ದರೆ ಅರ್ಧಕ್ಕೆ ಇಳಿಸಿ. ಸ್ವಲ್ಪ ಹಿಸ್ ಉಳಿದರೆ ಕಿವಿ ಎರಡು ನಿಮಿಷದಲ್ಲಿ ಮರೆಯುತ್ತದೆ. ಸತ್ತ ತಬಲಾವನ್ನು ಮರೆಯುವುದಿಲ್ಲ.

ಹಿನ್ನೆಲೆ ಸಂಗೀತ ಇದೆ, ಮಾತು ಮಾತ್ರ ಎಲ್ಲೋ ದೂರದಿಂದ ಬರುತ್ತಿದೆ ಅನ್ನಿಸಿದರೆ ಮೋನೋ ಚಿತ್ರಕ್ಕೆ ಕೃತಕ ಸ್ಟೀರಿಯೋ ಹಚ್ಚಿರುತ್ತಾರೆ. ಎಡ, ಬಲ ಒಂದೊಂದನ್ನೇ ಕೇಳಿ, ಚೆನ್ನಾಗಿರುವ ಒಂದನ್ನೇ ಎರಡೂ ಕಡೆ ಇಡಿ. ಎರಡನ್ನೂ ಕೂಡಿಸಬೇಡಿ, ಫೇಸ್ (ಧ್ವನಿ ಅಲೆಯ ಏರಿಳಿತ) ಉಲ್ಟಾ ಇದ್ದರೆ ಮಾತೇ ಮಾಯವಾಗುತ್ತದೆ.

ಬಣ್ಣ

ಕಪ್ಪು ಬಿಳುಪು ಚಿತ್ರದಲ್ಲಿ ಹಸಿರು ನೇರಳೆ ಛಾಯೆ, ಚೌಕಳಿ ಬಟ್ಟೆಯ ಮೇಲೆ ಕಾಮನಬಿಲ್ಲಿನ ಮಿಣುಕು ಕಂಡರೆ ಅದು ಹಳೆಯ ವಿಡಿಯೋ ಟೇಪಿನ ಕಾಣಿಕೆ. ಸ್ಯಾಚುರೇಷನ್ ಸೊನ್ನೆ ಮಾಡಿದರೆ ಮುಗಿಯಿತು. ಆದರೆ ಇಡೀ ಫೈಲಿಗೆ ಕಣ್ಣು ಮುಚ್ಚಿ ಮಾಡಬೇಡಿ. 1960ರ ಮುಘಲ್-ಎ-ಆಝಂನಂಥ ಚಿತ್ರದಲ್ಲಿ ಶೀಶ್ ಮಹಲಿನ ಹಾಡು ಮತ್ತು ಕೊನೆಯ ಭಾಗ ಮೂಲದಲ್ಲೇ ವರ್ಣದಲ್ಲಿವೆ. ಪೂರ್ತಿ ಬಣ್ಣದಲ್ಲಿರುವುದು 2004ರಲ್ಲಿ ಬಣ್ಣ ಹಚ್ಚಿ ಬಿಡುಗಡೆ ಮಾಡಿದ ಪ್ರತಿ. ನಿಮ್ಮ ಕೈಯಲ್ಲಿರುವುದು ಯಾವುದು ಅಂತ ಮೊದಲು ನೋಡಿಕೊಳ್ಳಿ.

ಅರವತ್ತು ಎಪ್ಪತ್ತರ ದಶಕದ ಈಸ್ಟ್‌ಮನ್ ಕಲರ್ ಚಿತ್ರಗಳು ಕೆಂಪು ಗುಲಾಬಿಗೆ ತಿರುಗಿರುವುದು ಪ್ರಿಂಟಿನ ದೋಷ. ವರ್ಷ ಕಳೆದಂತೆ ಸಯಾನ್ (ಹಸಿರು ಬೆರೆತ ನೀಲಿ) ಬಣ್ಣದ ಪದರ ಮೊದಲು ಮಾಸುತ್ತದೆ, ಮಜೆಂಟಾ (ಕೆನ್ನೇರಳೆ) ಉಳಿಯುತ್ತದೆ. ಕೆಂಪು, ಹಸಿರು, ನೀಲಿ ಮೂರರ ಮಟ್ಟವನ್ನು ನೆರಳಿಗೆ ಬೇರೆ, ಬೆಳಕಿಗೆ ಬೇರೆ ಸರಿಮಾಡಿದರೆ ಚರ್ಮದ ಬಣ್ಣ ತಕ್ಕಮಟ್ಟಿಗೆ ಮರಳುತ್ತದೆ. ರೀಲ್ ಬದಲಾದಂತೆ ಮಾಸಿದ ಪ್ರಮಾಣವೂ ಬದಲಾಗುವುದರಿಂದ ಒಂದೇ ಸೆಟ್ಟಿಂಗ್ ಇಡೀ ಚಿತ್ರಕ್ಕೆ ಹೊಂದುವುದಿಲ್ಲ.

ಡಿಸ್ಕ್ ಮತ್ತು ಕ್ಯಾಸೆಟ್

ಚಿತ್ರ ಒಂದೇ ಜಾಗದಲ್ಲಿ ಎರಡು ಪ್ಲೇಯರಿನಲ್ಲೂ ನಿಂತರೆ ಡಿಸ್ಕ್, ಬೇರೆ ಬೇರೆ ಕಡೆ ನಿಂತರೆ ಪ್ಲೇಯರಿನ ಲೆನ್ಸ್. ಮೆತ್ತನೆ ಬಟ್ಟೆಯಿಂದ ಮಧ್ಯದಿಂದ ಅಂಚಿಗೆ ನೇರವಾಗಿ ಒರೆಸಿ, ಸುತ್ತಿ ಒರೆಸಬೇಡಿ. ಎರಡು ಪದರದ ಡಿವಿಡಿಯಲ್ಲಿ ನಡುವೆ ಅರೆಕ್ಷಣ ನಿಲ್ಲುವುದು ಸಹಜ.

ಚಿತ್ರ ಜಿಗಿದು ಒಂದೆರಡು ಮಾತು ನುಂಗಿಹೋದರೆ ಸಮಯ ಬರೆದುಕೊಳ್ಳಿ. ಸಾವಿರ ಅಡಿಯ ರೀಲು ಸುಮಾರು 11 ನಿಮಿಷ ಓಡುತ್ತದೆ. ಜಿಗಿತಗಳು 11 ಅಥವಾ 22 ನಿಮಿಷದ ಆಸುಪಾಸಿನ ಅಂತರದಲ್ಲಿ ಬಂದು, ಅದಕ್ಕೆ ಮುಂಚೆ ಮೇಲಿನ ಬಲಮೂಲೆಯಲ್ಲಿ ದುಂಡು ಗುರುತು ಮಿನುಗಿದರೆ, ಅದು ರೀಲಿನ ತುದಿ. ಪ್ರೊಜೆಕ್ಟರಿನಲ್ಲಿ ಹರಿದು ಅಂಟಿಸಿದ ಜಾಗ. ಡಿಸ್ಕಿಗೆ ಬೈಯಬೇಡಿ.

ವಿಸಿಡಿಯಲ್ಲಿ ಕತ್ತಲ ದೃಶ್ಯ ಚೌಕ ಚೌಕವಾದರೆ ಏನೂ ಮಾಡಲಾಗದು. 352×288ರ ಅಳತೆಯಲ್ಲಿ ಅಷ್ಟೇ ಮಾಹಿತಿ ಇರುವುದು. ಎಐ ಹಾಕಿ ದೊಡ್ಡದು ಮಾಡಿದರೆ ಮುಖಗಳು ಮೇಣದಂತಾಗುತ್ತವೆ. ಅಲ್ಲಿ ಕಾಣುವ ಕಣ್ಣು ನಟಿಯದಲ್ಲ, ಯಂತ್ರ ಊಹಿಸಿದ್ದು. ಆ ಊಹೆಯನ್ನು ಪುನರುಜ್ಜೀವನ ಅಂತ ಕರೆಯಲು ನನಗೆ ಮನಸ್ಸು ಬರುವುದಿಲ್ಲ.

ವಿಎಚ್‌ಎಸ್ ಕ್ಯಾಸೆಟ್ಟಿನ ಕಿಟಕಿಯಲ್ಲಿ ಬಿಳಿ ಪುಡಿ ಕಂಡರೆ ಬೂಸ್ಟು. ಕರಾವಳಿ, ಮಲೆನಾಡಿನ ಮನೆಗಳಲ್ಲಿ ಇದು ತುಂಬ ಸಾಮಾನ್ಯ. ಅದನ್ನು ವಿಸಿಆರ್‌ಗೆ ಹಾಕಲೇಬೇಡಿ. ಹೆಡ್ ಕೆಡುತ್ತದೆ, ಆಮೇಲೆ ಹಾಕಿದ ಎಲ್ಲ ಕ್ಯಾಸೆಟ್ಟಿಗೂ ಬೂಸ್ಟು ಹರಡುತ್ತದೆ. ಚಿತ್ರದ ಕೆಳಅಂಚಿನಲ್ಲಿ ಕೆಲವು ಸಾಲು ಚೆದುರಿದಂತೆ ಕಂಡರೆ ಹೆದರಬೇಡಿ, ಅದು ಹೆಡ್ ಬದಲಾಗುವ ಗುರುತು, ಹಳೆಯ ಟಿವಿಗಳಲ್ಲಿ ಅಂಚಿನ ಹಿಂದೆ ಮುಚ್ಚಿಹೋಗುತ್ತಿತ್ತು.

ಮನೆಯಲ್ಲಿ ಫಿಲ್ಮ್ ರೀಲೇ ಇದ್ದರೆ

ಡಬ್ಬಿ ತೆರೆದಾಗ ವಿನೆಗರ್ ವಾಸನೆ ಬಂದರೆ ಅಸಿಟೇಟ್ ಫಿಲ್ಮ್ ಕೊಳೆಯಲು ಶುರುವಾಗಿದೆ. ಬೇರೆ ರೀಲುಗಳಿಂದ ದೂರ, ತಂಪು ಒಣ ಜಾಗದಲ್ಲಿಡಿ. ಪ್ರೊಜೆಕ್ಟರಿಗೆ ಹಾಕಬೇಡಿ. ಶೋಲೆಯ ಮೂಲ ನೆಗೆಟಿವ್ ಕೂಡ ಇದೇ ಕಾಯಿಲೆಗೆ ಸಿಕ್ಕಿತ್ತು. ಫಿಲ್ಮ್ ಹೆರಿಟೇಜ್ ಫೌಂಡೇಶನ್ 2025ರಲ್ಲಿ ತಂದ ಪುನರುಜ್ಜೀವಿತ ಪ್ರತಿಗೆ ಬೇರೆ ಮೂಲಗಳನ್ನು ಹುಡುಕಬೇಕಾಯಿತು. ಐವತ್ತರ ದಶಕದ ಶುರುವಿಗಿಂತ ಹಳೆಯ 35 ಎಂಎಂ ರೀಲು ನೈಟ್ರೇಟ್ ಆಗಿರಬಹುದು. ಅದಕ್ಕೆ ಬೆಂಕಿ ಬಿದ್ದರೆ ನೀರಿಗೂ ಆರುವುದಿಲ್ಲ. ಪುಣೆಯ ಫಿಲ್ಮ್ ಸಂಸ್ಥೆಯ ಆವರಣದಲ್ಲಿದ್ದ ನೈಟ್ರೇಟ್ ಸಂಗ್ರಹ 2003ರಲ್ಲಿ ಸುಟ್ಟುಹೋಯಿತು. 1931ರ ಆಲಂ ಆರಾದ ಒಂದು ಪ್ರತಿಯೂ ಇವತ್ತು ನಮ್ಮ ಬಳಿ ಇಲ್ಲ. ನಿಮ್ಮ ಅಟ್ಟದ ಮೇಲಿನ ತುಕ್ಕು ಹಿಡಿದ ಡಬ್ಬಿಯಲ್ಲಿ ಏನಿದೆ ಅಂತ ನೀವಾಗಿ ಬಿಚ್ಚಿ ನೋಡುವ ಬದಲು ಪುಣೆಯ ರಾಷ್ಟ್ರೀಯ ಚಲನಚಿತ್ರ ಸಂಗ್ರಹಾಲಯಕ್ಕೋ ಮುಂಬೈನ ಫಿಲ್ಮ್ ಹೆರಿಟೇಜ್ ಫೌಂಡೇಶನ್‌ಗೋ ತಿಳಿಸಿ.

ಉಳಿಸಿಡುವುದು

ಕ್ಯಾಸೆಟ್ಟಿನಿಂದ ತೆಗೆದದ್ದನ್ನು ಮಾಹಿತಿ ಕಳೆಯದ ಎಫ್‌ಎಫ್‌ವಿ1 ರೂಪದಲ್ಲಿ, ಇಂಟರ್ಲೇಸ್ ಹಾಗೇ ಇಟ್ಟು ಉಳಿಸಿ. ಮುಂದೆ ಇದಕ್ಕಿಂತ ಒಳ್ಳೆಯ ಫಿಲ್ಟರ್ ಬಂದಾಗ ಬೇಕಾಗುವುದು ಆ ಪ್ರತಿಯೇ. ಡಿವಿಡಿಯದನ್ನು ಮೂಲ ಎಂಪೆಗ್-2ರಲ್ಲೇ ಬಿಡಿ. ನೋಡುವ ಪ್ರತಿ ಎಚ್.264ರಲ್ಲಿ ಬೇರೆ ಮಾಡಿಕೊಳ್ಳಿ. ಮೂಲದ ಎರಡು ಪ್ರತಿ ಎರಡು ಡ್ರೈವಿನಲ್ಲಿ, ಒಂದು ಬೇರೆ ಮನೆಯಲ್ಲಿರಲಿ. ಪ್ರತಿ ಫೈಲಿಗೂ ಚೆಕ್‌ಸಮ್ (ಫೈಲ್ ಬದಲಾಗಿದೆಯೇ ಎಂದು ತೋರಿಸುವ ಸಂಕೇತ ಸಂಖ್ಯೆ) ತೆಗೆದಿಟ್ಟು ವರ್ಷಕ್ಕೊಮ್ಮೆ ಹೋಲಿಸಿ. ಜೊತೆಗೆ ಒಂದು ಚಿಕ್ಕ ಪಠ್ಯ ಫೈಲ್ ಇಡಿ: ಯಾವ ಬಿಡುಗಡೆಯಿಂದ ತೆಗೆದದ್ದು, ಪಾಲೋ ಎನ್‌ಟಿಎಸ್‌ಸಿಯೋ, ಪ್ರಮಾಣಪತ್ರದ ಉದ್ದ ಎಷ್ಟು, ಏನೇನು ತಿದ್ದಿದಿರಿ, ಯಾವುದು ಪ್ರಿಂಟಿನ ದೋಷ ಅಂತ ಹಾಗೇ ಬಿಟ್ಟಿರಿ.